ಶಾಲೆಯ ವೇದಿಕೆಗೆ ರಾಜರತ್ನಂ, ಪಂಜೆ ಅಥವಾ ಕುವೆಂಪು?

ಮಕ್ಕಳ ಸಾಹಿತ್ಯದ ಹಬ್ಬಕ್ಕೆ ಈ ಮೂವರು ಕವಿಗಳಲ್ಲಿ ಒಬ್ಬರನ್ನಷ್ಟೇ ಆರಿಸುವುದಾದರೆ ಯಾರನ್ನು ಎಂದು ಕೇಳಿದ್ದೀರಿ. ಮೊದಲು ನೋಡಬೇಕಾದುದು ವಯಸ್ಸು. ಐದಾರು ವರ್ಷದವರಿಗೆ ಜಿ.ಪಿ. ರಾಜರತ್ನಂ ಅವರ ‘ನಾಯಿಮರಿ’, ‘ತುತ್ತೂರಿ’ ಹೊಂದುತ್ತವೆ, ಏಕೆಂದರೆ ಸಾಲುಗಳು ಚಿಕ್ಕವು, ಪ್ರಾಸವೇ ನೆನಪಿಗೆ ನೆರವಾಗುತ್ತದೆ. ಪಂಜೆ ಮಂಗೇಶರಾಯರ ‘ನಾಗರಹಾವು’ ಕೂಡ ಬಾಯಿಪಾಠಕ್ಕೆ ಸುಲಭ. ಆದರೆ ‘ತೆಂಕಣ ಗಾಳಿಯಾಟ’ದ ಶಬ್ದಗಳ ಬಿರುಸು ಉಚ್ಚಾರಣೆ ಪಳಗಿದ, ತುಸು ದೊಡ್ಡ ಮಕ್ಕಳ ಗುಂಪುಗಾಯನದಲ್ಲಿಯೇ ಮೈದಳೆಯುತ್ತದೆ. ವಾದ್ಯ ನುಡಿಸಿ ಊರಿನ ಇಲಿಗಳನ್ನು ಸೆಳೆದೊಯ್ಯುವವನ ಕಥೆಯನ್ನು ಇಂಗ್ಲಿಷ್ ಕವಿ ಬ್ರೌನಿಂಗ್ ಕವನದಿಂದ ತುಂಗಾತೀರಕ್ಕೆ ತಂದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾದರೋ ಪೂರ್ಣ ನಾಟಕವನ್ನೇ ಬೇಡುತ್ತದೆ: ವೇಷಭೂಷಣಕ್ಕೆ ಹಣ, ಅಭ್ಯಾಸಕ್ಕೆ ವಾರಗಳು. ಆದರೂ ತರಗತಿಯ ಪ್ರತಿಯೊಬ್ಬರಿಗೂ ಪಾತ್ರ ಸಿಗಬೇಕೆಂದಿದ್ದರೆ ಇದೇ ಸೂಕ್ತ, ಇಲಿಗಳ ಸಂಖ್ಯೆಗೆ ಮಿತಿಯಿಲ್ಲವಲ್ಲ! ಸಮಯ ಕಡಿಮೆಯಿದ್ದರೆ ರಾಜರತ್ನಂ. ಹಾಡಿಸಬಲ್ಲ ಶಿಕ್ಷಕರಿದ್ದರೆ ಪಂಜೆ.