ಫೈರ್‌ವಾಲ್ ಅಡ್ಮಿನ್ ಲಾಗಿನ್ ಕಾಯೋಕೆ ಯಾವುದು ವಾಸಿ?

ದಾವಣಗೆರೆಯಲ್ಲಿ ಅಂಗಡಿ, ಸೊಸೈಟಿ, ರೈಸ್ ಮಿಲ್ಲುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಏನೇ ಕೆಟ್ಟರೂ ಕೂತಲ್ಲಿಂದಲೇ ಸರಿಮಾಡಿಕೊಡಿ ಅಂತಾರೆ ಎಲ್ಲರೂ. ಅದಕ್ಕಾಗಿ ಫೈರ್‌ವಾಲ್‌ನ (ಒಳಗಿನ ನೆಟ್‌ವರ್ಕಿಗೂ ಇಂಟರ್ನೆಟ್ಟಿಗೂ ನಡುವೆ ಕಾವಲಿರುವ ಸಾಧನ) ಸೆಟ್ಟಿಂಗ್ ಬದಲಿಸುವ ಅಡ್ಮಿನ್ ಪುಟವನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ ಲಾಗ್ (ಯಾರು ಯಾವಾಗ ಯತ್ನಿಸಿದರೆಂಬ ದಾಖಲೆ) ತುಂಬಾ 'ಅಡ್ಮಿನ್', 'ರೂಟ್', 'ಸಪೋರ್ಟ್' ಹೆಸರಿನಲ್ಲಿ ತಪ್ಪು ಪಾಸ್‌ವರ್ಡುಗಳೇ. "ನಮ್ಮ ಅಕ್ಕಿ ಲೆಕ್ಕ ತಗೊಂಡು ಅವರೇನ್ ಮಾಡ್ತಾರ್ರೀ?" ಅಂತ ಮಿಲ್ ಸಾಹುಕಾರರು ನಗುತ್ತಾರೆ. ಬಾಟ್‌ಗಳಿಗೆ (ತಾವಾಗೇ ಓಡುವ ದಾಳಿ ಪ್ರೋಗ್ರಾಮುಗಳಿಗೆ) ಅಕ್ಕಿ ಮಿಲ್ಲೋ ಬ್ಯಾಂಕೋ ಗೊತ್ತಿಲ್ಲ; ಐಪಿಗಳನ್ನು (ಇಂಟರ್ನೆಟ್ ವಿಳಾಸಗಳನ್ನು) ಸಾಲಾಗಿ ತಡಕುತ್ತಾ ಹೋಗುತ್ತವೆ, ಅಷ್ಟೇ.

ಎಲ್ಲರೂ ಮೊದಲು ನಂಬುವುದು ಲಾಕ್‌ಔಟನ್ನು. ಫೋರ್ಟಿಗೇಟ್ ಫೈರ್‌ವಾಲ್‌ನಲ್ಲಿ ಡೀಫಾಲ್ಟಾಗಿ 3 ಸಲ ತಪ್ಪಿದರೆ 60 ಸೆಕೆಂಡ್ ಬೀಗ. ಪಿಎಫ್‌ಸೆನ್ಸ್ ಫೈರ್‌ವಾಲ್ ಒಂದೊಂದು ದಾಳಿಗೆ 10 ಅಂಕ ಹಾಕಿ, 30 ಮುಟ್ಟಿದ ಐಪಿಯನ್ನು 120 ಸೆಕೆಂಡ್ ತಡೆಯುತ್ತದೆ. ಮತ್ತೆ ಬಂದರೆ ಅವಧಿ ಒಂದೂವರೆ ಪಟ್ಟು. ಒಂದೇ ಕಡೆಯಿಂದ ದಬದಬ ಬಡಿಯುವವರು ಇದಕ್ಕೆ ನಿಲ್ಲುತ್ತಾರೆ. ಆದರೆ ಲಾಗನ್ನು ಸಾವಕಾಶ ಓದಿ ನೋಡಿ: ಒಂದು ಯತ್ನ ಒಂದು ಐಪಿಯಿಂದ, ಸ್ವಲ್ಪ ಹೊತ್ತು ಬಿಟ್ಟು ಮುಂದಿನದು ಇನ್ನೆಲ್ಲಿಂದಲೋ. ಯಾವ ಐಪಿಯ ಲೆಕ್ಕವೂ 30ಕ್ಕೆ ಬರುವುದೇ ಇಲ್ಲ.

ಅಡ್ಮಿನ್ ಪುಟದ ಪೋರ್ಟ್ (ಅದು ತೆರೆಯುವ ಬಾಗಿಲ ಸಂಖ್ಯೆ) ಬದಲಿಸಿದೆ. ಲಾಗ್ ಹಗುರಾಯಿತು, ಬೇರೇನಿಲ್ಲ.

ಫೋರ್ಟಿಗೇಟ್‌ನ ಟ್ರಸ್ಟೆಡ್ ಹೋಸ್ಟ್ ನಿಜವಾಗಿ ಕೆಲಸ ಮಾಡುತ್ತದೆ. ಇಂಥ ಐಪಿಯಿಂದ ಮಾತ್ರ ಲಾಗಿನ್ ಅಂತ ಕಟ್ಟಿಹಾಕಿದರೆ ಉಳಿದವರಿಗೆ ಪುಟವೇ ಕಾಣದು. ಒಂದು ಷರತ್ತು: ಪ್ರತಿಯೊಂದು ಅಡ್ಮಿನ್ ಖಾತೆಗೂ ಹಾಕಿರಬೇಕು. ಒಂದೇ ಒಂದು ಖಾತೆ ಬಿಟ್ಟರೂ ಲಾಗಿನ್ ಪುಟ ಊರಿಗೆಲ್ಲ ತೆರೆದಂತೆ. ಒಂದು ಕಡೆ ಹಳೆಯ ವೆಂಡರ್ ಬಿಟ್ಟುಹೋದ ಖಾತೆ ಹೀಗೇ ಬಾಯಿ ತೆರೆದುಕೊಂಡು ಕೂತಿತ್ತು. ಇದರ ತೊಂದರೆ ಬೇರೆ: ನನ್ನ ಮೊಬೈಲ್ ಐಪಿ ಗಳಿಗೆಗೊಂದು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಫೋನ್ ಬಂದರೆ ಎಲೆ ಬಿಟ್ಟು ಆಫೀಸಿಗೇ ಓಡಬೇಕು.

ಒಟಿಪಿ ಆ್ಯಪ್ ಒಪ್ಪಬಹುದಾದದ್ದು. ಪಾಸ್‌ವರ್ಡ್ ಊಹಿಸಿದರೂ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಬೇಕಲ್ಲ. ಆದರೆ ಹಳೇ ಪಿಸಿಗೆ ಓಪಿಎನ್‌ಸೆನ್ಸ್ ಫೈರ್‌ವಾಲ್ ಹಾಕಿದ ಕಡೆ, ಕರೆಂಟ್ ಹೋಗಿ ಬಂದ ಮೇಲೆ ಸರಿಯಾದ ಕೋಡನ್ನೂ ತಿರಸ್ಕರಿಸಿತು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿತ್ತು; ಕೋಡಿನ ಲೆಕ್ಕವೆಲ್ಲ ಗಡಿಯಾರದ ಮೇಲೆ. ಇಂಟರ್ನೆಟ್ ಇಲ್ಲದೆ ಎನ್‌ಟಿಪಿಯೂ (ಇಂಟರ್ನೆಟ್‌ನಿಂದ ಸಮಯ ಹೊಂದಿಸುವ ವ್ಯವಸ್ಥೆ) ಸರಿಮಾಡಿರಲಿಲ್ಲ.

ನನ್ನ ಓಟು ವೈರ್‌ಗಾರ್ಡ್ ಎಂಬ ವಿಪಿಎನ್‌ಗೆ (ಇಂಟರ್ನೆಟ್ ಮೂಲಕ ಒಳಗಿನ ನೆಟ್‌ವರ್ಕಿಗೆ ಹೋಗುವ ಗುಪ್ತ ದಾರಿ). ಹೊರಗಿನಿಂದ ಅಡ್ಮಿನ್ ಪುಟ ಪೂರ್ತಿ ಬಂದ್. ಮೊದಲು ವಿಪಿಎನ್, ಆಮೇಲೆ ಲಾಗಿನ್. ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಊಹಿಸಲು ಪಾಸ್‌ವರ್ಡೂ ಇಲ್ಲ. ಮೊಬೈಲ್ ಐಪಿ ಎಷ್ಟು ಬದಲಾದರೂ ಚಿಂತೆಯಿಲ್ಲ. ಫೋನ್ ಕಳೆದರೆ ಆ ಫೋನಿನ ಪಿಯರ್ (ಅದರ ಕೀ ಇರುವ ನಮೂದು) ಅಳಿಸಿದರಾಯಿತು. ವಿಪಿಎನ್ ಅಂದಮಾತ್ರಕ್ಕೆ ಎಲ್ಲವೂ ಹೀಗಲ್ಲ: ಎಸ್‌ಎಸ್‌ಎಲ್ ವಿಪಿಎನ್‌ಗೂ ಲಾಗಿನ್ ಪುಟವಿದೆ, ಅದಕ್ಕೂ ಇದೇ ಕಾಟ. ಫೋರ್ಟಿಗೇಟ್‌ನಲ್ಲಿ ವೈರ್‌ಗಾರ್ಡ್ ಇಲ್ಲ, ಹಾಗಾಗಿ ಅಲ್ಲಿ ಐಪಿಸೆಕ್ ಎಂಬ ಇನ್ನೊಂದು ಬಗೆಯ ವಿಪಿಎನ್ ಹಾಕುತ್ತೇನೆ. ಎರಡೂ ಕಡೆ ಸ್ಟ್ಯಾಟಿಕ್ (ಬದಲಾಗದ) ಐಪಿ ಇರುವ ಸೊಸೈಟಿಗೆ ಮಾತ್ರ ಟ್ರಸ್ಟೆಡ್ ಹೋಸ್ಟೇ ಸಾಕು.

ಲಾಕ್‌ಔಟನ್ನು ಎಲ್ಲೂ ತೆಗೆದಿಲ್ಲ. ಅದು ಒಳಗಿನವರಿಗೆ: ಬಿಲ್ಲಿಂಗ್ ಕೌಂಟರಿನ ಹುಡುಗ ಯೂಟ್ಯೂಬ್ ಬ್ಲಾಕ್ ತೆಗೆಯೋಕೆ ಸಾಹುಕಾರರ ಮಗಳ ಹೆಸರು, ಕಾರ್ ನಂಬರ್ ಎಲ್ಲ ಒತ್ತಿ ನೋಡ್ತಿರ್ತಾನೆ.