ಫ್ರಾನ್ಸ್ ನೀತಿ ಓದೋದಾದ್ರೆ ಲಿಬಿಯಾನಾ, ಲೆಬನಾನಾ?

ಸೆಮಿನಾರಿಗೆ ಎರಡರಲ್ಲಿ ಒಂದನ್ನು ಆರಿಸಬೇಕಾ? ನನ್ನ ಓಟು ಲಿಬಿಯಾಗೆ.

ಅಲ್ಲಿ ಫ್ರಾನ್ಸಿನ ಅವಸರ ನೋಡಿ. 2011ರ ಮಾರ್ಚ್ 10ರಂದು ಸರ್ವಾಧಿಕಾರಿ ಗದ್ದಾಫಿಯ ವಿರೋಧಿಗಳ ಮಂಡಳಿಗೆ ಎಲ್ಲರಿಗಿಂತ ಮೊದಲು ಮಾನ್ಯತೆ ಕೊಟ್ಟಿತು. 17ಕ್ಕೆ ನಾಗರಿಕರ ರಕ್ಷಣೆಗೆ ಬಲ ಬಳಸಬಹುದು ಎಂಬ ವಿಶ್ವಸಂಸ್ಥೆ ಭದ್ರತಾ ಮಂಡಳಿಯ ನಿರ್ಣಯ (ಸಂಖ್ಯೆ 1973) ಬಂತು. 19ಕ್ಕೆ ವಿರೋಧಿಗಳ ನೆಲೆಯಾಗಿದ್ದ ಬೆಂಗಾಜಿ ಹತ್ತಿರ ಗದ್ದಾಫಿ ಪಡೆಯ ಮೇಲೆ ಫ್ರಾನ್ಸಿನ ಬಾಂಬು. ಆಮೇಲೆ ದೇಶದ ಆಡಳಿತ ಪೂರ್ವ, ಪಶ್ಚಿಮ ಅಂತ ಇಬ್ಭಾಗವಾಯಿತು. ಫ್ರಾನ್ಸ್ ಬಾಯಲ್ಲಿ ವಿಶ್ವಸಂಸ್ಥೆ ಒಪ್ಪಿದ್ದ, ಪಶ್ಚಿಮದ ಟ್ರಿಪೋಲಿ ಸರ್ಕಾರದ ಪರ ಎನ್ನುತ್ತಿತ್ತು. ಆದರೆ 2019ರಲ್ಲಿ ಅದೇ ಸರ್ಕಾರದ ಮೇಲೆ ಯುದ್ಧಕ್ಕೆ ಹೊರಟಿದ್ದ ಪೂರ್ವದ ಸೇನಾನಾಯಕ ಹಫ್ತಾರ್ ಪಡೆಯ ನೆಲೆಯಲ್ಲಿ ಜಾವೆಲಿನ್ ಎಂಬ ಟ್ಯಾಂಕ್ ನಾಶಕ ಕ್ಷಿಪಣಿಗಳು ಸಿಕ್ಕವು. ಅಮೆರಿಕದಿಂದ ಕೊಂಡ ನಮ್ಮವೇ, ಆದರೆ ಕೆಟ್ಟು ಹೋದವು ಎಂದಿತು ಫ್ರಾನ್ಸ್! ಹೇಳೋದೊಂದು, ಮಾಡೋದೊಂದು ಅಂತ ಅನುಮಾನ ಬರುತ್ತೆ, ಅಲ್ವಾ?

ಲೆಬನಾನ್ ಕಥೆಯಲ್ಲಿ ಬಾಂಬಿಲ್ಲ, ಒಂದು ಕಾಲದಲ್ಲಿ ಅದನ್ನು ಆಳಿದ್ದ ಫ್ರಾನ್ಸಿನ ಹಳೇ ಯಜಮಾನಿಕೆಯ ನೆನಪು ಜಾಸ್ತಿ. 2020ರ ಆಗಸ್ಟ್ 4ರಂದು ಬೈರೂತ್ ಬಂದರು ಸ್ಫೋಟಿಸಿತು. ಎರಡೇ ದಿನಕ್ಕೆ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್ ಅಲ್ಲಿನ ಬೀದಿಯಲ್ಲಿದ್ದರು. ಸೆಪ್ಟೆಂಬರ್ 1ಕ್ಕೆ ಮತ್ತೆ ಬಂದು ಲೆಬನಾನಿನ ರಾಷ್ಟ್ರಚಿಹ್ನೆಯಾದ ಸೀಡರ್ ಗಿಡ ನೆಟ್ಟರು, ಎರಡು ವಾರದಲ್ಲಿ ಸರ್ಕಾರ ರಚಿಸಿ ಎಂದರು. ಆ ತಿಂಗಳೇ ನಿಯೋಜಿತ ಪ್ರಧಾನಿ ಕೈಚೆಲ್ಲಿದರು.

ವಸಾಹತು ಇತಿಹಾಸ ಇಷ್ಟ ಇದ್ದರೆ ಮಾತ್ರ ಲೆಬನಾನ್ ತಗೊಳ್ಳಿ.