ಬೆಳಕಿನ ಮಾಡಿಗೆ ಮೂರು ಹೊದಿಕೆಗಳು: ಒಂದೇ ಕೋಣೆಯಲ್ಲಿ ಹೋಲಿಸಿ ನೋಡಿದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪವಿರುವ ನಮ್ಮ ಮನೆಯ ಪಡುದಿಕ್ಕಿನ ಜಗಲಿಗೆ ತಾಗಿದಂತೆ, ಗಿಡಗಳನ್ನು ಇಡುವುದಕ್ಕೂ ಮಳೆಗಾಲದಲ್ಲಿ ಕುಳಿತು ಓದುವುದಕ್ಕೂ ಆಗಲೆಂದು, ಮಾಡಿನಿಂದಲೇ ಬೆಳಕು ಇಳಿಯುವ ಒಂದು ಕೋಣೆಯನ್ನು ಎರಡು ವರ್ಷಗಳ ಹಿಂದೆ ಕಟ್ಟಿಸಿದೆ. ಏನನ್ನು ಹೊದಿಸಬೇಕೆಂಬುದರಲ್ಲಿ ಮನೆಯವರ ಮಾತು ಒಂದಾಗದ ಕಾರಣ, 18 ಅಡಿ ಉದ್ದದ ಮಾಡನ್ನು ಆರಾರು ಅಡಿಯ ಮೂರು ಅಂಕಣಗಳಾಗಿ ವಿಂಗಡಿಸಿ, ಮೂರಕ್ಕೂ ಬೇರೆ ಬೇರೆ ಹೊದಿಕೆ ಹಾಕಿಸಿದೆ. ನೋಡುವವರಿಗೆ ಇದು ವಿಚಿತ್ರವಾಗಿ ಕಂಡರೂ ಹೋಲಿಕೆಗೆ ಇದಕ್ಕಿಂತ ಉತ್ತಮ ಅವಕಾಶ ಸಿಗಲಾರದು.

ಮೊದಲ ಅಂಕಣಕ್ಕೆ 10 ಮಿ.ಮೀ. ದಪ್ಪದ, ಒಳಗೆ ಟೊಳ್ಳು ಸಾಲುಗಳಿರುವ ಹಾಲುಬಣ್ಣದ ಪಾಲಿಕಾರ್ಬೊನೇಟ್ ಶೀಟು. ಎರಡನೆಯದಕ್ಕೆ 5 ಮಿ.ಮೀ.ನ ಎರಡು ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ) ಗಾಜುಗಳನ್ನು ನಡುವೆ ಪ್ಲಾಸ್ಟಿಕ್ ಪದರವಿಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು. ಮೂರನೆಯದಕ್ಕೆ ಎರಡು ತಗಡುಗಳ ನಡುವೆ ಫೋಮ್ ತುಂಬಿದ 50 ಮಿ.ಮೀ.ನ ಪಫ್ ಪ್ಯಾನೆಲ್.

ಶಾಖ ಎಷ್ಟು ಸುಲಭವಾಗಿ ದಾಟುತ್ತದೆ ಎಂಬುದನ್ನು ಸೂಚಿಸುವ ಯು-ಮೌಲ್ಯ ಇಂಥ ಗಾಜಿಗೆ ಐದೂವರೆಯ ಆಸುಪಾಸು, ಈ ಪಾಲಿಕಾರ್ಬೊನೇಟಿಗೆ ಸುಮಾರು 3, ಪಫ್ ಪ್ಯಾನೆಲಿಗೆ 0.5ರಷ್ಟು. ಚಳಿಗಾಲದಲ್ಲಿ ಒಳಗಿನ ಬಿಸಿಯನ್ನು ಕಾಪಾಡಿಕೊಳ್ಳಬೇಕಾದ ಬ್ರಿಟನ್ನಿನಂಥ ದೇಶಗಳಲ್ಲಿ ಈ ಅಂಕಿ ಬಹಳ ಮುಖ್ಯವಾಗುತ್ತದೆ; ನಮ್ಮ ಸೆಕೆಯ ನಾಡಿನಲ್ಲಿ ಅದು ಅರ್ಧ ಕತೆಯನ್ನಷ್ಟೇ ಹೇಳುತ್ತದೆ. ಏಪ್ರಿಲಿನ ಒಂದು ಮಧ್ಯಾಹ್ನ, ಹೊರಗೆ 34 ಡಿಗ್ರಿ ಇದ್ದಾಗ, ಪಾಲಿಕಾರ್ಬೊನೇಟಿನ ಒಳಮೈ 45 ಡಿಗ್ರಿಯಷ್ಟು ಕಾದಿದ್ದರೆ ಗಾಜಿನ ಒಳಮೈ 43 ಡಿಗ್ರಿ ಮಾತ್ರ ಇತ್ತು. ಆದರೆ ಗಾಜಿನ ಕೆಳಗಿನ ನೆಲ 47 ಡಿಗ್ರಿಗೆ ಏರಿ, ಬರಿಗಾಲಿಡಲು ಆಗುತ್ತಿರಲಿಲ್ಲ. ಪಾಲಿಕಾರ್ಬೊನೇಟಿನ ಕೆಳಗಿನ ನೆಲ 39ರಲ್ಲಿತ್ತು. ಹೊದಿಕೆಯ ಮೈ ಕಾಯುವುದಕ್ಕಿಂತ ಬಿಸಿಲು ನೇರವಾಗಿ ಒಳಗೆ ಸುರಿಯುವುದೇ ಇಲ್ಲಿನ ತೊಂದರೆ. ಪಫ್ ಪ್ಯಾನೆಲಿನ ಒಳಮೈ 36, ನೆಲ 33. ಆ ಅಂಕಣದಲ್ಲಿ ಕುಳಿತವರು ಏಳುವುದಿಲ್ಲ, ಆದರೆ ಅಲ್ಲಿ ಬೆಳಕೂ ಇಲ್ಲ, ಗಿಡವೂ ಬಾಳುವುದಿಲ್ಲ.

ಬಲದ ವಿಷಯದಲ್ಲಿ ನನ್ನ ಎಣಿಕೆ ಹೆಚ್ಚು ತಪ್ಪಿತು. ಒಂದೊಂದು ಅಂಕಣದ ವಿಸ್ತಾರ 72 ಚದರಡಿ. ಅಷ್ಟು ಗಾಜು ಸುಮಾರು 170 ಕಿಲೊ ತೂಗಿದರೆ, ಪಾಲಿಕಾರ್ಬೊನೇಟ್ ಹನ್ನೊಂದೋ ಹನ್ನೆರಡೋ ಕಿಲೊ. "ಗಾಜಿನ ಭಾರಕ್ಕೆ ಗಾಳಿ ಏನು ಮಾಡೀತು?" ಎಂದು ಭಾವ ಕೇಳಿದ್ದರು. ಕಟ್ಟಡಗಳ ಮೇಲಿನ ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ಭಾರತೀಯ ಮಾನಕದಲ್ಲಿ ಮಂಗಳೂರಿಗೂ ಕೋಝಿಕ್ಕೋಡಿಗೂ ನಿಗದಿಯಾಗಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅವೆರಡರ ನಡುವಿನ ನಮಗೂ ಅದನ್ನೇ ಹಿಡಿದರೆ ಚದರ ಮೀಟರಿಗೆ ಸುಮಾರು 93 ಕಿಲೊ, ಅಂದರೆ ಒಂದು ಅಂಕಣಕ್ಕೆ 600 ಕಿಲೊಗೂ ಮಿಕ್ಕಿದ ಒತ್ತಡ. ಗಾಳಿ ಮಾಡನ್ನು ಮೇಲಕ್ಕೆ ಎಳೆಯುವ ಕೆಲಸಕ್ಕೆ ಇಳಿದರೆ ಗಾಜಿನ ಭಾರವೂ ಅದಕ್ಕೆ ಲೆಕ್ಕವಲ್ಲ.

ಇದು ಕಾಗದದ ಮಾತಾಗಿ ಉಳಿಯಲಿಲ್ಲ. ಮೊದಲ ವರ್ಷದ ಮೇ ತಿಂಗಳ ಗಾಳಿಮಳೆಗೆ ಪಾಲಿಕಾರ್ಬೊನೇಟ್ ಅಂಕಣದ ಚೌಕಟ್ಟು ಗೋಡೆಯಿಂದ ನಾಲ್ಕು ಬೆರಳಷ್ಟು ಎದ್ದಿತು. ಶೀಟಿಗೆ ಏನೂ ಆಗಿರಲಿಲ್ಲ. ಕೆಂಪುಕಲ್ಲಿನ (ಮುರಕಲ್ಲಿನ) ಗೋಡೆಗೆ ಹೊಡೆದ ಆಂಕರ್ ಬೋಲ್ಟುಗಳು ಪುಡಿಯಾದ ಕಲ್ಲಿನ ಸಮೇತ ಕಿತ್ತು ಬಂದಿದ್ದವು. ಕಾಂಕ್ರೀಟಿನಲ್ಲಿ ಬಿಗಿಯಾಗಿ ಕೂರುವ ಈ ಬೋಲ್ಟು ತೂತುತೂತಾದ ಮುರಕಲ್ಲಿನಲ್ಲಿ ನೆಚ್ಚತಕ್ಕದ್ದಲ್ಲ. ಈಗ ಮೂರು ಅಂಕಣಗಳಿಗೂ ಗೋಡೆಯನ್ನು ದಾಟಿಸಿ ಉದ್ದದ ಬೋಲ್ಟು ಹಾಕಿ, ಒಳಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದಿದೆ.

ಪಾಲಿಕಾರ್ಬೊನೇಟ್ ಬಿಸಿಲಿಗೆ ಹಿಗ್ಗುವುದು ಉಕ್ಕಿನ ಐದು ಪಾಲಿಗೂ ಹೆಚ್ಚು: 30 ಡಿಗ್ರಿ ವ್ಯತ್ಯಾಸಕ್ಕೆ 12 ಅಡಿಯ ಶೀಟು ಸುಮಾರು 7 ಮಿ.ಮೀ. ಬೆಳೆಯುತ್ತದೆ. ಸ್ಕ್ರೂವಿನ ತೂತನ್ನು ದೊಡ್ಡದಾಗಿ ಕೊರೆಯದಿದ್ದ ಎರಡು ಕಡೆ ಶೀಟು ಸೀಳಿ, ಟೊಳ್ಳಿನೊಳಗೆ ನೀರು ಇಳಿದು, ಒಂದೇ ಮಳೆಗಾಲದಲ್ಲಿ ಹಸಿರು ಪಾಚಿಯ ಗೆರೆಗಳು ಮೂಡಿದವು. ಅವನ್ನು ತೊಳೆಯುವ ಉಪಾಯವಿಲ್ಲ. ತೆಂಗಿನ ಮಡಲೊಂದರ ಬುಡ ಬಿದ್ದು ಒಂದು ಕುಳಿಯೂ ಆಗಿದೆ. ಗಾಜಿಗೆ ಇನ್ನೂ ಏನೂ ಬಿದ್ದಿಲ್ಲ. ಒಡೆದರೂ ನಡುವಿನ ಪದರ ಚೂರುಗಳನ್ನು ಹಿಡಿದುಕೊಳ್ಳುವುದರಿಂದ, ತಲೆಯ ಮೇಲೆ ಗಾಜು ಹಾಕುವುದಿದ್ದರೆ ಒಂಟಿ ಟಫನ್ಡ್ ಗಾಜನ್ನು ನಾನು ಒಪ್ಪುವುದಿಲ್ಲ. ಮಳೆಯ ಸದ್ದು ಪಾಲಿಕಾರ್ಬೊನೇಟಿನಲ್ಲಿ ಅತಿ ಜೋರು. ಆಷಾಢದಲ್ಲಿ ಅದರ ಕೆಳಗೆ ಫೋನಿನಲ್ಲಿ ಮಾತಾಡಲಾಗದು.

ಈ ಬೇಸಿಗೆಯೊಳಗೆ ಉಳಿದ ಎರಡು ಅಂಕಣಗಳಿಗೂ ಪಫ್ ಪ್ಯಾನೆಲನ್ನೇ ಹೊದಿಸಿ, ನಡುವೆ ಎರಡಡಿ ಅಗಲದ ಗಾಜಿನ ಪಟ್ಟಿಯನ್ನಷ್ಟೇ ಉಳಿಸಿಕೊಳ್ಳುವವನಿದ್ದೇನೆ. ಬಿಚ್ಚಿದ ಪಾಲಿಕಾರ್ಬೊನೇಟನ್ನು ಸೀಳಿದ ಅಂಚು ಕತ್ತರಿಸಿ ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಮೇಲೆ ಹಾಕುತ್ತೇನೆ. ಕೋಣೆಯಲ್ಲಿ ಬೇಡವಾದ ಬಿಸಿ ಅಲ್ಲಿ ಬೇಕು.